ಎರಡು ಬೆರಳು ಗಿಲಾವು

ನಮ್ಮೂರಲ್ಲಿ ನೆಲಮನೆ ತೋಡಿಸುವವರು ಮೊದಲು ಮೇಲೊಂದು ಕೋಣೆ ಕಟ್ಟಿಸಬೇಕು. ಕೆಳಗೆ ಎಷ್ಟು ಜಾಗ ತೋಡುತ್ತಾರೋ ಅಷ್ಟೇ ಜಾಗದ ಕೋಣೆ, ಹಿತ್ತಲಲ್ಲಿ, ನೆಲಕ್ಕೆ ಕೊಡುವುದಕ್ಕೆಂದೇ. ಅದರಲ್ಲಿ ಯಾರೂ ಮಲಗುವಂತಿಲ್ಲ, ದೀಪ ಹಚ್ಚುವಂತಿಲ್ಲ, ಒಂದು ಕಾಳಿನ ಚೀಲ ಕೂಡ ಇಡುವಂತಿಲ್ಲ. ತೋಡುವ ಕೆಲಸ ಮುಗಿದ ಮೇಲೆ ಒಂದು ದಿನ ಆ ಕೋಣೆ ಇರುವುದಿಲ್ಲ. ಹಿತ್ತಲು ಅಷ್ಟು ಗಿಡ್ಡವಾಗಿರುತ್ತದೆ, ಬೇಲಿಯ ಆಚೆಗಿನ ಬೇವಿನ ಗಿಡ ಒಂದು ಕೋಣೆಯಷ್ಟು ಹತ್ತಿರ ಬಂದು ನಿಂತಿರುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಸಲ ಇದನ್ನು ಕಂಡಾಗ ಎದೆ ಒಡೆದುಕೊಳ್ಳುತ್ತಾರೆ. ನಾನೂ ಒಡೆದುಕೊಂಡಿದ್ದೆ. ಆಮೇಲೆ ರೂಢಿಯಾಗುತ್ತದೆ. ಕೋಣೆ ಹೋದ ದಿನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚುತ್ತಾರೆ. "ಹೋತಂತೇನು?" "ಹೂಂ, ನಿನ್ನಿ ಮಧ್ಯಾಹ್ನ ಹೋತು" ಎಂದು ನೀರು ತರುವಾಗ ಮಾತಾಡಿಕೊಳ್ಳುತ್ತಾರೆ. ಹೋಯಿತು ಎಂದರೆ ನೆಲ ಒಪ್ಪಿಕೊಂಡಿತು, ಇನ್ನು ಆ ಮನೆಗೆ ಹೆದರಿಕೆಯಿಲ್ಲ ಎಂದು.

ನಮ್ಮದು ದ್ರಾಕ್ಷಿಯ ಊರು. ದ್ರಾಕ್ಷಿ ಬೆಳೆಯುವುದೇನು ದೊಡ್ಡ ಮಾತಲ್ಲ. ಹಿಂಡಿದ ರಸವನ್ನು ವೈನು ಆಗುವ ತನಕ ಕಾಯುವುದು ದೊಡ್ಡ ಮಾತು. ನಮ್ಮ ಬಿಸಿಲಿಗೆ ಅದು ಮನೆಯೊಳಗೆ ಇಟ್ಟರೂ ಹುಳಿಯಾಗಿ, ಮೂಗು ಹಿಡಿದು ಚರಂಡಿಗೆ ಸುರಿಯುವ ಹಾಗೆ ಆಗುತ್ತದೆ. ನೆಲದಡಿಯ ತಂಪು ಬೇಕೇ ಬೇಕು. ನನ್ನ ಗಂಡ ಗುರುಶಾಂತ ವರ್ಷವರ್ಷವೂ ಇನ್ನೊಬ್ಬರ ನೆಲಮನೆಯಲ್ಲಿ ಒಂದು ಮೂಲೆ ಕೊಡಿ ಎಂದು ಹಲ್ಲು ಗಿಂಜಿ ಗಿಂಜಿ ಸಾಕಾಗಿ, ಕಡೆಗೊಮ್ಮೆ ನಮ್ಮದೇ ಒಂದು ಆಗಲಿ ಎಂದು ಹಟ ಹಿಡಿದ. ನನ್ನ ಅತ್ತೆ ಬಂಗಾರೆವ್ವನಿಗೆ ಅವನಿಗಿಂತ ಹೆಚ್ಚು ಹಟ. ನೆಲಮನೆ ಇಲ್ಲದ ಮನೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ ಎಂಬ ಕೊರಗು ಆಕೆಗೆ ಮದುವೆಯಾಗಿ ಬಂದ ದಿನದಿಂದ ಇತ್ತಂತೆ.

ನೆಲಮನೆ ಕಟ್ಟುವುದರಲ್ಲಿ ತವನಪ್ಪ ಗೌಂಡಿಯದೇ ಹೆಸರು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಬಂದವನು ಅಂಗಳದಲ್ಲಿ ಬೂದಿ ಚೆಲ್ಲಿ, ಕಡ್ಡಿಯಿಂದ ಗೆರೆ ಎಳೆದು ನನಗೇ ಎಲ್ಲ ಹೇಳಿದ. ನನ್ನ ಗಂಡ ಹೂಂ ಹೂಂ ಎನ್ನುತ್ತಾನೆಯೇ ಹೊರತು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

"ವೈನು ಅಂದ್ರ ಬಾಣಂತಿ ಇದ್ದಂಗ ತಂಗಿ. ಬಿಸಲು ತಾಗಬಾರ್ದು, ಬೀಸು ಗಾಳಿ ತಾಗಬಾರ್ದು, ಸಪ್ಪಳ ಆಗಬಾರ್ದು. ಮೆಟ್ಟಲಾ ಉತ್ತರಕ್ಕ ಇಟ್ಟು ನಡುವ ಒಂದ ತಿರುವು ಕೊಡೂಣು, ಅಂದ್ರ ಬೆಳಕು ತಳಕ್ಕ ಹೋಗೂದಿಲ್ಲ. ಮ್ಯಾಲ ಕಮಾನು. ತಳಕ್ಕ ಗಚ್ಚು ಬ್ಯಾಡ, ಗರಸು ಹಾಕೂಣು, ನೀರ ಹೊಡದ್ರ ತಂಪ ಹಿಡೀತದ. ಎರಡ ಗಾಳಿ ಕೊಳವಿ ಬೇಕ. ರಸ ಕುದಿಯೂ ಮುಂದ ಕೆಟ್ಟ ಗಾಳಿ ಬಿಡ್ತದ, ಅದು ನೀರಿನಂಗ ತಳಕ್ಕ ಹೋಗಿ ಕುಂದರ್ತದ. ದೀಪ ಹಿಡಕೊಂಡ ಇಳೀಬೇಕು. ದೀಪ ಆರಿತು ಅಂದ್ರ ಹಿಂದ ನೋಡದ ಮ್ಯಾಲ ಬರಬೇಕು."

ಮೊದಲು ಹಿತ್ತಲಲ್ಲಿ ಕೋಣೆ ಎದ್ದಿತು. ತವನಪ್ಪ ಹಸಿ ಗೋಡೆಗೇ ಹಗ್ಗ ಹಿಡಿದು ಉದ್ದ, ಅಗಲ, ಎತ್ತರ ಅಳೆದ. ಅದೇ ಹಗ್ಗದ ಅಳತೆಯಲ್ಲಿ ಕೆಳಗೆ ತೋಡಿಸಿದ. ಅಷ್ಟರಲ್ಲಿ ನಾನು ಮಗಳು ಕಸ್ತೂರಿಯನ್ನು ಹೆರಿಗೆಗೆ ಕರೆತರಲು ಆಕೆಯ ಗಂಡನ ಮನೆಗೆ ಹೋದೆ. ಹೋದವಳು ಅವರ ಉಪಚಾರಕ್ಕೆ ಸಿಕ್ಕಿ ಒಂದು ವಾರ ಉಳಿದೆ. ತಿರುಗಿ ಬರುವ ಹೊತ್ತಿಗೆ ನೆಲಮನೆ ಮುಗಿದಿತ್ತು, ಕೋಣೆ ಹೋಗಿತ್ತು, ಹೋಳಿಗೆ ತಣ್ಣಗಾಗಿತ್ತು. ನೆಲಮನೆಯಲ್ಲಿ ಸಾಲಾಗಿ ಗುಡಾಣಗಳು ಕೂತು, ಹೊಸ ರಸ ಬುರುಗು ಎಬ್ಬಿಸಿ ಗುಳುಗುಳು ಎನ್ನುತ್ತಿತ್ತು. ಅತ್ತೆ ಹೊಸ ಸೀರೆ ಉಟ್ಟು ಮೆಟ್ಟಿಲ ತಲೆಗೆ ಕೂತು ಬಂದವರಿಗೆಲ್ಲ ಕೈಮಾಡಿ ತೋರಿಸುತ್ತಿದ್ದಳು. ಕೆಲವು ದಿನಕ್ಕೆ ಕಸ್ತೂರಿ ಹೆಣ್ಣು ಹೆತ್ತಳು. ಆಗ ನಮ್ಮ ಮನೆಯಲ್ಲಿ ಇದ್ದ ಸಂತೋಷ ನೆನೆಸಿಕೊಂಡರೆ ಈಗಲೂ ಮೈ ಝುಂ ಎನ್ನುತ್ತದೆ, ಯಾಕೆಂದರೆ ಅಷ್ಟೊತ್ತಿಗಾಗಲೇ ಅದು ಶುರುವಾಗಿತ್ತು.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದೆ. ದೂರದಲ್ಲೆಲ್ಲೋ ಕೂಸು ಅಳುತ್ತಿತ್ತು. ಯಾರ ಮನೆಯದಪ್ಪಾ, ಅದರವ್ವ ಎಲ್ಲಿ ಹಾಳಾಗಿ ಹೋಗಿದ್ದಾಳೆ ಎಂದು ಬೈದುಕೊಂಡೇ ಬಾಣಂತಿ ಕೋಣೆಗೆ ಹೋದೆ. ಕಸ್ತೂರಿ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿ ಮಲಗಿದ್ದಳು. ತೊಟ್ಟಿಲಲ್ಲಿ ಕೂಸು ಮುಖ ಕೆಂಪಗೆ ಮಾಡಿಕೊಂಡು, ಗಂಟಲು ಕಾಣುವಷ್ಟು ಬಾಯಿ ತೆರೆದು ಅಳುತ್ತಿತ್ತು. ಅದರ ಅಳು ಮಾತ್ರ ಮೂರು ಓಣಿ ಆಚೆಯಿಂದ ಬರುತ್ತಿತ್ತು. ಎತ್ತಿಕೊಂಡೆ. ಎತ್ತಿದ ಕೂಡಲೇ ಕಿವಿ ಕಿತ್ತು ಹೋಗುವ ಹಾಗೆ ಕಿರುಚಿತು. ಮತ್ತೆ ತೊಟ್ಟಿಲಲ್ಲಿ ಇಟ್ಟೆ. ಅಳು ಮೂರು ಓಣಿ ಆಚೆ ಹೋಯಿತು. ಕಸ್ತೂರಿಗೆ ಏನೂ ಹೇಳದೆ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದು, ತವನಪ್ಪನನ್ನು ಕರೆಸಿರಿ ಎಂದು ಗಂಡನ ಮೇಲೆ ಅರಚಿದೆ.

ತವನಪ್ಪ ಬಂದು ಮನೆ ತುಂಬ ಚಪ್ಪಾಳೆ ತಟ್ಟುತ್ತಾ ತಿರುಗಿದ. ಕೋಣೆ ಹೋಗುವ ಮುಂಚೆ ಅದರಲ್ಲಿ ಸಪ್ಪಳ ಕುಗ್ಗುತ್ತದೆ. ಗೌಂಡಿಗಳು ಅದನ್ನು ಚಪ್ಪಾಳೆಯಿಂದಲೇ ಕಂಡುಹಿಡಿಯುವುದು. ಪಡಸಾಲೆಯಲ್ಲಿ ತಟ್ಟಿದ, ಅಡಿಗೆಮನೆಯಲ್ಲಿ ತಟ್ಟಿದ, ದೇವರ ಕೋಣೆಯಲ್ಲಿ, ದನದ ಕೊಟ್ಟಿಗೆಯಲ್ಲಿ ತಟ್ಟಿದ. ಎಲ್ಲ ಕಡೆ ಠಪ್ ಠಪ್ ಎಂದು ಚೊಕ್ಕ ಸಪ್ಪಳ. ಬರಿದಾದ ತೊಟ್ಟಿಲ ಮೇಲೆ ಬಗ್ಗಿ ತಟ್ಟಿದಾಗ ಕೈಗೆ ಬಟ್ಟೆ ಸುತ್ತಿಕೊಂಡವರ ಚಪ್ಪಾಳೆಯಂತೆ ಕೇಳಿಸಿತು. ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ.

"ಕ್ವಾಣಿ ಸಾಲಿಲ್ಲ" ಎಂದ. "ನಾ ಅಳದದ್ದು ಬರೋಬರಿ ಇತ್ತು. ಅಳದ ಮ್ಯಾಲ ಕ್ವಾಣಿಗೆ ಯಾರರೆ ಏನರೆ ಮಾಡೀರೇನು?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗಿಲಾವು ಮಾಡಿಸಿದ್ನೆಪಾ" ಎಂದಳು. "ಎರಡು ಬೆರಳು ದಪ್ಪ. ಎರಡ ಸಲ ಮೆತ್ತಿಸಿ ಸುಣ್ಣಾ ಹಚ್ಚಿಸಿದೆ. ನೆಲಕ್ಕ ಕೊಡೂ ಕ್ವಾಣಿ, ಹಂಗ ಬತ್ತಲ ಗ್ವಾಡಿ ಕೊಟ್ರ ಮಂದಿ ಏನಂದಾರು? ಈ ಮನ್ಯಾಗ ಗತಿ ಇಲ್ಲ ಅನ್ನೂದಿಲ್ಲೇನು?"

"ಅಯ್ಯ ನಮ್ಮವ್ವ! ಹೊರಗ ಮೆತ್ತಿಸಬಾರ್ದಿತ್ತೇನ? ಒಳಗ ಮೆತ್ತಿಸಿದ್ರ ಒಳಗಿನ ಜಾಗಾ ಕಡಿಮಿ ಆಗೂದಿಲ್ಲೇನು? ನಾಕೂ ಗ್ವಾಡಿ, ಎರಡೆರಡು ಬೆರಳು!"

ನನ್ನ ಗಂಡ ಮೆಲ್ಲಗೆ, "ನಾ ನೋಡಿದ್ದೆ. ಚಂದ ಕಂಡಿತ್ತು" ಎಂದ. ಅವನ ತಲೆಗೆ ಏನಾದರೂ ಎತ್ತಿ ಹಾಕಬೇಕು ಎನಿಸಿತು.

"ಈಗ ಏನ ಮಾಡ್ತದ ಅದು?" ಎಂದು ಕೇಳಿದೆ. ನನಗೆ ಗೊತ್ತಿತ್ತು, ಆದರೂ ಕೇಳಿದೆ.

"ಕಡಿಮಿ ಬಿದ್ದದ್ದನ್ನ ತಗೋತದ. ಮನ್ಯಾಗ ಎಲ್ಲಾಕಿಂತ ಹೊಸಾದು ಏನದ, ಅದನ್ನ ಕೇಳ್ತದ." ಅವನು ಕೂಸಿನ ಕಡೆಗೆ ನೋಡಲಿಲ್ಲ. ನಾವೆಲ್ಲ ನೋಡಿದೆವು.

ತೊಟ್ಟಿಲನ್ನು ಪಡಸಾಲೆಗೆ ತಂದೆವು. ಸಂಜೆಯೊಳಗೆ ಪಡಸಾಲೆಯ ಆ ಜಾಗದಲ್ಲಿ ಚಪ್ಪಾಳೆ ಸತ್ತಿತು. ಅಡಿಗೆಮನೆಗೆ ಒಯ್ದೆವು, ಅಲ್ಲೂ ಹಾಗೇ. ತೊಟ್ಟಿಲನ್ನೇ ಬಿಟ್ಟು ಚಾಪೆಯ ಮೇಲೆ ಮಲಗಿಸಿದೆವು. ಅಲ್ಲೂ ಸತ್ತಿತು. ನೆಲ ಕಣ್ಣಿಟ್ಟದ್ದು ಮೂಲೆಯ ಮೇಲಲ್ಲ, ಕೂಸಿನ ಮೇಲೆ ಎಂದು ಆಗ ತಿಳಿಯಿತು. ಕಸ್ತೂರಿಗೂ ಹೇಳಲೇಬೇಕಾಯಿತು. ಆಕೆ ಕಿವಿಯ ಹತ್ತಿ ಕಿತ್ತೊಗೆದು, ಹಸಿ ಮೈಯಲ್ಲಿ ಎದ್ದು ಕೂತು, ಕೂಸನ್ನು ಎದೆಗೆ ಅವುಚಿಕೊಂಡವಳು ಕೆಳಗೆ ಇಳಿಸಲೇ ಇಲ್ಲ.

ಸುದ್ದಿ ಓಣಿಗೆ ಗೊತ್ತಾಗುವುದಕ್ಕೆ ಎಷ್ಟು ಹೊತ್ತು? ಜನ ಕೆಟ್ಟವರಲ್ಲ. ಬಾಣಂತಿಗೆ ಸಜ್ಜಕ, ಬೆಳ್ಳುಳ್ಳಿ ಖಾರ ಮಾಡಿ ತಂದು ಹೊಸ್ತಿಲ ಹೊರಗೆ ಇಟ್ಟು ಹೋದರು. ಆದರೆ ನಮ್ಮ ಮನೆಗೆ ಬರ್ರಿ ಎಂದು ಒಬ್ಬರೂ ಅನ್ನಲಿಲ್ಲ. ಹಿಂದೊಮ್ಮೆ ಹೀಗೇ ಕೋಣೆ ಸಾಲದೆ ಹೋದ ಮನೆಯವರು ಹೆದರಿ ಬೀಗರ ಮನೆಗೆ ಹೋಗಿದ್ದರಂತೆ. ಬೀಗರು ಆಗಷ್ಟೇ ಕಟ್ಟಿಸಿದ್ದ ಹೊಸ ಪಡಸಾಲೆ, ಅಲ್ಲಿ ಮಲಗಿದ್ದವರ ಸಮೇತ, ಬೆಳಗಾಗುವಷ್ಟರಲ್ಲಿ ಇರಲಿಲ್ಲವಂತೆ. ಕಸ್ತೂರಿಯ ಗಂಡನ ಮನೆಯವರೂ ಹೇಳಿ ಕಳಿಸಿದರು: ಬಾಣಂತನ ಮುಗಿಯುವ ತನಕ ಅಲ್ಲೇ ಇರಲಿ, ಅವಸರ ಇಲ್ಲ. ಅವಸರ ಇಲ್ಲವಂತೆ! ಅವರ ಬಾಯಿಗೆ ಮಣ್ಣು ಹಾಕ.

ತವನಪ್ಪ ಸುಮ್ಮನೆ ಕೂರುವವನಲ್ಲ. ಕಡಿಮೆ ಬಿದ್ದಷ್ಟು ಜಾಗದ ಒಂದು ಗೂಡನ್ನು ಹಿತ್ತಲಲ್ಲಿ ಕಟ್ಟಿದ. ಕೂಸಿಗಿಂತ ಅದು ಹೊಸದು, ಅದನ್ನೇ ತೆಗೆದುಕೊಳ್ಳಲಿ ಎಂದು. ಮೋಡ ಹಾಕಿತ್ತು, ಗೋಡೆ ಒಣಗಲೊಲ್ಲದು. ನಾನು ಕೆಂಡದ ಬಾಣಲೆ ಹಿಡಿದು ಗೋಡೆಗೆ ಕಾಸಲು ಹೋದರೆ ತವನಪ್ಪ ಕೈ ಹಿಡಿದು ಎಳೆದ, "ಬೆಂಕಿ ಕಂಡ ಜಾಗಾ ನೆಲ ಮುಟ್ಟೂದಿಲ್ಲ ತಂಗಿ" ಎಂದ. ಒಣಗಿದ ದಿನ ಒಳಗೆ ತಲೆ ಹಾಕಿ ಚಪ್ಪಾಳೆ ತಟ್ಟಿದ. ಠಪ್ ಎಂದಿತು. ಮರುದಿನವೂ ಠಪ್. ಒಮ್ಮೆ ಕಣ್ಣು ಹಾಕಿದ ಮೇಲೆ ಅದು ಬೇರೆಯದನ್ನು ಒಲ್ಲೆ ಎನ್ನುತ್ತದೆ. ನೆಲಮನೆಗೆ ಮಣ್ಣು ತುಂಬಿ ಮುಚ್ಚಿಬಿಡೋಣ ಎಂದ ನನ್ನ ಗಂಡ. ಅದನ್ನೂ ಯಾರೋ ಮಾಡಿ ನೋಡಿದ್ದರಂತೆ, ತುಂಬಿದರೂ ತೋಡಿದ್ದು ತೋಡಿದ್ದೇ.

ಅಷ್ಟರಲ್ಲಿ ಕಸ್ತೂರಿಯ ತೋಳಲ್ಲೇ ಕೂಸಿನ ಅಳು ಕುಗ್ಗತೊಡಗಿತ್ತು. ಬಾಯಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತಿತ್ತು. ಕಸ್ತೂರಿ ಅತ್ತರೆ ಆಕೆಯ ಅಳು ಮನೆ ತುಂಬ ಕೇಳುತ್ತಿತ್ತು, ಅದೇ ತೊಡೆಯ ಮೇಲಿನ ಕೂಸಿನ ಅಳು ಕೇಳುತ್ತಿರಲಿಲ್ಲ. ನಾನು ದೇವರ ಮುಂದೆ ಕೂತು ಏನು ಬೇಡಿಕೊಳ್ಳಬೇಕೆಂದು ತಿಳಿಯದೆ, ತಗೊಳ್ಳೋದಿದ್ದರೆ ನನ್ನನ್ನು ತಗೋ, ನನ್ನನ್ನು ತಗೋ ಎಂದು ಹಣೆ ಚಚ್ಚಿಕೊಂಡೆ. ನಾನು ಹಳಬಳು. ನನ್ನನ್ನು ಯಾರು ಕೇಳುತ್ತಾರೆ?

ಆ ದಿನ ತವನಪ್ಪ ಜಗುಲಿಯ ಮೇಲೆ ಕೂತು, "ನಮ್ಮಪ್ಪ ಒಂದ ಮಾತ ಹೇಳ್ತಿದ್ದ" ಎಂದ. "ಒಲಿ ಹೊತ್ತೂ ಜಾಗಾ ತೋಡಿದ ಜಾಗಾ ಅಲ್ಲ, ಅದು ಮನಿ. ಯಾರರೆ ಕೆಳಗ ಒಲಿ ಹೂಡಿ, ಅಲ್ಲೇ ಉಂಡು, ಅಲ್ಲೇ ಮಲಗಿ ಇದ್ರ ನೆಲ ಬಿಟ್ಟು ಬಿಡ್ತದಂತ. ವೈನು ಉಳಿಯೂದಿಲ್ಲ, ಶಾಖಾ ತಾಗಿ ಕೆಡ್ತದ. ಅದು ಇರ್ಲಿ. ಈಗ ಕೆಳಗ ರಸ ಕುದಿಯಾಕತ್ತದ. ಗಾಳಿ ಪೂರಾ ಕೆಟ್ಟದ."

"ಎಷ್ಟ ದಿನಾ ಇರಬೇಕು?" ಎಂದು ಗಂಡ ಕೇಳಿದ. "ಸರದಿ ಮ್ಯಾಲ ಇಳಿಯೂಣು. ಇವತ್ತ ನಾ, ನಾಳೆ ಈಕಿ."

"ಬಂದ ಹೋಗಾವ್ರು ಇರೂದಕ್ಕ ಮನಿ ಅನ್ನೂದಿಲ್ಲಪಾ, ಧರ್ಮಶಾಲಾ ಅಂತಾರ. ಇಳದಾವ್ರು ಇಳದಾವ್ರ."

ನಾನು ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅತ್ತೆ ನನ್ನ ಹೆಗಲು ಹಿಡಿದು ಕೂರಿಸಿದಳು.

"ಕುಂದರ ನಿಂಬಿ. ನೀ ಹೋದ್ರ ಬಾಣಂತೀನ ಯಾರ ನೋಡ್ತಾರ? ಮೆತ್ತಿಸಿದಾಕಿ ನಾನು, ಇಳ್ಯಾಕೀನೂ ನಾನ."

ಅತ್ತೆ ಸೊಸೆ ಎಂದ ಮೇಲೆ ನಮ್ಮಿಬ್ಬರ ನಡುವೆ ಆದ ಜಗಳಗಳನ್ನು ಹೇಳಿ ಮುಗಿಸಲಾಗದು. ಆದರೆ ಆ ಗಳಿಗೆಯಲ್ಲಿ ನಾನು ಆಕೆಯ ಕಾಲು ಹಿಡಿದುಕೊಂಡು ಬಿಟ್ಟೆ. ಬೇಡ ಎನ್ನಲೂ ಆಗಲಿಲ್ಲ, ಹೋಗು ಎನ್ನಲೂ ಆಗಲಿಲ್ಲ.

ಗಾಳಿ ಕೊಳವೆಗಳ ಬಾಯಿಗೆ ಬಿಸಿಲು ತಾಗದಿರಲೆಂದು ಹಚ್ಚಿದ್ದ ಹಲಗೆ ಕಿತ್ತೆವು. ಮೆಟ್ಟಿಲ ಮೇಲೆ ನಿಂತು ನನ್ನ ಗಂಡ ಮತ್ತು ತವನಪ್ಪ ನೆನೆಸಿದ ಕಂಬಳಿ ಹಿಡಿದು ಬೀಸಿದರು, ನಾನು ಮೊರದಿಂದ ಬೀಸಿದೆ. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ತಿರುವು ಮುಟ್ಟುವುದರೊಳಗೆ ಯಾರೋ ಉಫ್ ಎಂದ ಹಾಗೆ ಆರುತ್ತಿತ್ತು. ಮತ್ತೆ ಬೀಸುವುದು, ಮತ್ತೆ ಇಳಿಬಿಡುವುದು. ಮೇಲಿನಿಂದ ಕಸ್ತೂರಿ ಚೀರಿದಳು: "ಅವ್ವಾ, ಕೇಳವಲ್ದು! ಕಿವಿ ಹಚ್ಚಿದ್ರೂ ಕೇಳವಲ್ದು!" ಅತ್ತೆ ನನ್ನ ಕೈಯಿಂದ ಕಂದೀಲು ಕಸಿದುಕೊಂಡಳು. ಇನ್ನೊಂದು ಕೈಯಲ್ಲಿ ಕೆಂಡದ ಬೋಗುಣಿ. ನಾಲ್ಕು ಮೆಟ್ಟಿಲು ಇಳಿಯುವುದರೊಳಗೆ ದೀಪ ಸಣ್ಣಗಾಯಿತು. ಆಕೆ ನಿಂತಳು. ನಾವು ತೋಳು ಸೋಲುವಂತೆ ಬೀಸಿದೆವು. ದೀಪ ಒಂದಿಷ್ಟು ಎದ್ದಿತು, ಆಕೆ ಮತ್ತೆರಡು ಮೆಟ್ಟಿಲು ಇಳಿದಳು. ತಿರುವಿನಲ್ಲಿ ಮರೆಯಾದಳು. ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ಕೇಳಿಸಲಿಲ್ಲ.

ನಾನು ಮೊರ ಒಗೆದು ಕೂಸಿನ ಹತ್ತಿರ ಓಡಿದೆ. ಬಾಯಿ ತೆರೆದೇ ಇತ್ತು. ಗಂಟಲು ನಡುಗುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸಪ್ಪಳ ಮಾತ್ರ ಒಂದಿಷ್ಟೂ ಇಲ್ಲ. ಕಸ್ತೂರಿಯ ತೋಳುಗಳ ನಡುವೆ ಕೂಸು ಮೊದಲಿಗಿಂತ ಸಣ್ಣದಾಗಿ ಕಂಡಿತು. ನಾನು ಅದರ ಕಾಲು ಹಿಡಿದುಕೊಂಡೆ, ಕಸ್ತೂರಿ ತಲೆ ಹಿಡಿದುಕೊಂಡಳು. ಹೋದರೆ ನಮ್ಮನ್ನೂ ಎಳೆದುಕೊಂಡು ಹೋಗಲಿ ಎಂದು. ಎಷ್ಟು ಹೊತ್ತು ಹಾಗಿದ್ದೆವೋ. ಒಮ್ಮೆಲೇ ಆ ಕೂಸು ಛಾವಣಿ ಹಾರಿಹೋಗುವ ಹಾಗೆ ಕಿರುಚಿತು. ಕೊಳವೆಯ ಬಾಯಲ್ಲಿ ಹೊಗೆ ಕಾಣಿಸಿತು. ಅತ್ತೆ ಒಲೆ ಹೊತ್ತಿಸಿದ್ದಳು.

ಅಂದಿನಿಂದ ಬಂಗಾರೆವ್ವ ಕೆಳಗೇ ಇದ್ದಳು. ವೈನು ಹುಳಿಯಾಯಿತು, ಗುಡಾಣಗಳಲ್ಲಿ ಜೋಳ ತುಂಬಿಟ್ಟೆವು. ತವನಪ್ಪ ಕಟ್ಟಿದ ಗೂಡಿನಲ್ಲಿ ಕೋಳಿ ಸಾಕಿದೆವು. ಮನುಷ್ಯರು ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ? ಹೆಸರಿಡುವ ದಿನ ಆಕೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಲಿ, ಒಂದು ಗಳಿಗೆ ಮೇಲೆ ಬರಲಿ ಎಂದೆವು. ಅಂಗಳಕ್ಕೆ ಕಾಲಿಟ್ಟಳು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡಳು. ತೊಟ್ಟಿಲ ಸುತ್ತ ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿದರು. ಕೂಸು ಬಾಯಿ ಆಡಿಸುತ್ತಿತ್ತು, ದನಿ ಇರಲಿಲ್ಲ. ಅತ್ತೆ ತಿರುಗಿ ಇಳಿದಳು. ಬಸಂತಿ ಎಂಬ ಹೆಸರನ್ನು ಕಡೆಗೆ ನಾನೇ ಹೇಳಿದೆ. ಕಸ್ತೂರಿಯ ಗಂಡ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದ. ಆ ಮನೆಯಿಂದ ಕರೆ ಬರಲಿಲ್ಲ, ತಾಯಿ ಮಗಳು ನಮ್ಮಲ್ಲೇ ಉಳಿದರು.

ನಾನು ದಿನಾ ಕಟ್ಟಿಗೆ, ಹಿಟ್ಟು, ಪಲ್ಯ, ನೀರು ಒಯ್ದು ಕೊಡುತ್ತಿದ್ದೆ. ಅತ್ತೆ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎಂದು ಬೈಯುವಳು, ಹೊಗೆಗೆ ಕಣ್ಣು ಹೋಯಿತು ಎಂದು ಗೊಣಗುವಳು. ಮೇಲೆ ಬರಬೇಕು ಎಂದು ಒಮ್ಮೆಯೂ ಅನ್ನಲಿಲ್ಲ. ಒಂದೇ ಒಂದು ಸಲ, "ಬೇವಿನ ಗಿಡ ಹೂ ಬಿಟ್ಟದೇನ ನಿಂಬಿ?" ಎಂದು ಕೇಳಿದಳು. ಬಿಟ್ಟಿತ್ತು. ಇನ್ನೂ ಇಲ್ಲ ಎಂದು ಸುಳ್ಳು ಹೇಳಿ ಮೇಲೆ ಬಂದು ಅತ್ತುಬಿಟ್ಟೆ.

ಬಸಂತಿ ಓಡಾಡುವಷ್ಟು ದೊಡ್ಡವಳಾದಳು. ಒಂದು ದಿನ ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಾ ತನ್ನದೇ ಏನೋ ಹಾಡು ಕಟ್ಟಿ ಹಾಡುತ್ತಿದ್ದಳು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಹಾಡು ನಡುವೆಯೇ ನಿಂತಿತು. ಹೊರಗೆ ಇಣುಕಿದೆ. ಆಕೆ ಇನ್ನೂ ಹಾಡುತ್ತಲೇ ಇದ್ದಳು. ತುಟಿಗಳು ಆಡುತ್ತಿದ್ದವು. ನಾನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಇಳಿದೆ, ದೀಪವನ್ನೂ ಹಿಡಿಯದೆ. ಅತ್ತೆ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಬಾಯಿಗೆ ನೀರು ಬಿಡಲಿಲ್ಲ, ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ಆಕೆಯನ್ನು ಇತ್ತ ಸರಿಸಿ, ಬೂದಿ ಕೆದಕಿ, ಕೆಂಡಕ್ಕೆ ಊದಿ ಊದಿ ಒಲೆ ಎಬ್ಬಿಸಿದೆ. ಕಟ್ಟಿಗೆ ಚಟಚಟ ಎಂದ ಮೇಲೆ ಮೇಲಿನಿಂದ ಹಾಡು ಕೇಳಿಸಿತು. ಆಮೇಲೆ ಅತ್ತೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಅತ್ತುಬಿಟ್ಟೆ. ಮನೆಯವರು ಬಂದು ಆಕೆಯನ್ನು ಎತ್ತಿಕೊಂಡು ಹೋದರು. ಮಣ್ಣಿಗೆ ನಾನು ಹೋಗಲಿಲ್ಲ.

ನಾನೂ ಹೊಂದಿಕೊಂಡಿದ್ದೇನೆ. ಗುರುಶಾಂತ ಊಟದ ಹೊತ್ತಿಗೆ ಇಳಿದು ಬಂದು ಜೊತೆಗೆ ಕೂರುತ್ತಾನೆ. ಮೇಲೆ ಇದ್ದಾಗ ಇಷ್ಟು ಮಾತಾಡುತ್ತಿರಲಿಲ್ಲ. ಕತ್ತಲೆಯ ಹೆದರಿಕೆ ಹೋಗಿದೆ, ಹುಳಹುಪ್ಪಟೆಯ ಹೆದರಿಕೆಯೂ ಹೋಗಿದೆ. ಒಂದು ಮಾತ್ರ ಹೋಗಿಲ್ಲ. ನನಗೂ ವಯಸ್ಸಾಯಿತು. ನನ್ನ ನಂತರ ಕಸ್ತೂರಿ ಇಳಿಯುತ್ತಾಳೆ, ಅದನ್ನು ಆಕೆಯೂ ಆಡಿಲ್ಲ, ನಾನೂ ಆಡಿಲ್ಲ. ಆಕೆಯ ನಂತರ ಎಂದು ಯೋಚನೆ ಬಂದರೆ ಎದ್ದು ಪಾತ್ರೆ ತಿಕ್ಕುತ್ತೇನೆ.

ನಿನ್ನೆ ಮಧ್ಯಾಹ್ನ ಬಸಂತಿ ಕಟ್ಟಿಗೆ ತಂದವಳು ಹೋಗದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಊದುಗೊಳವೆ ತೆಗೆದುಕೊಂಡು ಉಫ್ ಉಫ್ ಎಂದು ಊದಿದಳು. ಉರಿ ಎದ್ದಿತು. ಹಿಗ್ಗಿ ನನ್ನ ಕಡೆಗೆ ತಿರುಗಿದಳು.

"ಆಯಿ, ನನಗ ಬರ್ತದ ನೋಡು! ನೀ ಮ್ಯಾಲ ಹೋಗು. ಇನ್ನ ಮುಂದ ನಾ ಇರ್ತೀನಿ ಇಲ್ಲೆ."

ನಾನು ಆ ಹುಡುಗಿಯ ಮೈಗೆ ಎಂದೂ ಕೈ ಹಚ್ಚಿದವಳಲ್ಲ. ಕೆನ್ನೆಗೆ ಬಾರಿಸಿದೆ. ಊದುಗೊಳವೆ ಕಸಿದು ಒಗೆದೆ. "ನಡಿ ಮ್ಯಾಲ! ಇನ್ನೊಮ್ಮಿ ಒಲಿ ಮುಟ್ಟಿದ್ರ ಕೈ ಮುರೀತೀನಿ!" ಆಕೆ ನಂಬಲಾರದೆ ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ಹೋ ಎಂದು ಅತ್ತಳು. ಅಳುತ್ತಾ ಮೆಟ್ಟಿಲು ಹತ್ತಿದಳು, ಅಳುತ್ತಾ ಅಂಗಳ ದಾಟಿದಳು. ಎಂಥ ಗಂಟಲು ಅದು! ಓಣಿ ತುಂಬ ಕೇಳಿರಬೇಕು. ನಾನು ಒಲೆಯ ಮುಂದೆ ಕೇಳುತ್ತಾ ಕೂತೆ.

ಅಳು ನಿಂತಿತು.

ಒಲೆ ನೋಡಿದೆ. ಉರಿಯುತ್ತಿತ್ತು. ಆದರೂ ಮೆಟ್ಟಿಲ ಬುಡಕ್ಕೆ ಓಡಿ ಕೂಗಿದೆ: "ಏ ಕಸ್ತೂರೀ! ಯಾರದೀರಿ ಅಲ್ಲೆ? ಆಕೀನ್ನ ಇನ್ನೊಂದೀಟು ಅಳಸ್ರೆ!"